1952ರ ಬೇಸ್‌ಬಾಲ್ ಕಾರ್ಡಿಗೆ ಕೋಟಿ ಕೋಟಿ, 1990ರದ್ದಕ್ಕೆ ಯಾಕೆ ಬೆಲೆಯೇ ಇಲ್ಲ?

ಬೆಲೆ ಬರುವುದು ಹಳೆಯದು ಅನ್ನುವುದಕ್ಕಲ್ಲ, ಚೆನ್ನಾಗಿ ಉಳಿದಿರುವುದು ತೀರಾ ಕಡಿಮೆ ಅನ್ನುವುದಕ್ಕೆ. 1952ರಲ್ಲಿ ಆಟಗಾರರ ಚಿತ್ರವಿದ್ದ ಟಾಪ್ಸ್ ಕಂಪನಿಯ ಕಾರ್ಡು ಅಮೆರಿಕದ ಮಕ್ಕಳಿಗೆ ಬಬಲ್‌ಗಮ್ ಜೊತೆ ಸಿಗುವ ಆಟದ ಸಾಮಾನು ಅಷ್ಟೇ. ರಬ್ಬರ್‌ಬ್ಯಾಂಡ್ ಹಾಕಿ ಬಿಗಿದರು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದರು, ಬೆಳೆದ ಮೇಲೆ ಎಷ್ಟೋ ಕಾರ್ಡು ಕಸಕ್ಕೆ ಹೋದವು. ಮೂಲೆ ಮೊಂಡಾಗದೆ ಉಳಿದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು.

1984ರಲ್ಲಿ ಬೆಕೆಟ್ ಮಾಸಪತ್ರಿಕೆ ಶುರುವಾಗಿ, ಯಾವ ಕಾರ್ಡಿಗೆ ಎಷ್ಟು ರೇಟು ಅಂತ ಪಟ್ಟಿ ಹಾಕತೊಡಗಿದ ಮೇಲೆ ಜನ ಎಸೆಯುವುದನ್ನು ಬಿಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದರು, ಕಂಪನಿಗಳೂ ಸಿಕ್ಕಾಪಟ್ಟೆ ಅಚ್ಚು ಹಾಕಿದವು. ಎಲ್ಲರ ಮನೆಯಲ್ಲೂ ಇರುವುದಕ್ಕೆ ಯಾರೂ ಜಾಸ್ತಿ ದುಡ್ಡು ಕೊಡಲ್ಲ, ಅಲ್ವಾ? ಆ ಕಾಲದ, ಸೀಲು ಒಡೆಯದ ಕಾರ್ಡಿನ ಪೆಟ್ಟಿಗೆಗಳು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ.