ಪಾಪ್ ಗಾಯಕರು ನಟಿಸಿದ ಹಗುರ ಸಿನಿಮಾಗಳು ಇಷ್ಟು ವರ್ಷಗಳಾದರೂ ಯಾಕೆ ಇಷ್ಟವಾಗುತ್ತವೆ?

ಕಥೆಗಾಗಿ ಇವನ್ನು ನೋಡುವವರು ಕಡಿಮೆ. ಮೆಚ್ಚಿನ ಗಾಯಕನ ಜೊತೆ ಒಂದಿಷ್ಟು ಹೊತ್ತು ಖುಷಿಯಾಗಿ ಕಳೆಯಬೇಕು, ಅಷ್ಟೇ.

1963ರ ಬ್ರಿಟಿಷ್ ಸಿನಿಮಾ ‘ಸಮ್ಮರ್ ಹಾಲಿಡೇ’ ತೆಗೆದುಕೊಳ್ಳಿ. ನಾಯಕ ಕ್ಲಿಫ್ ರಿಚರ್ಡ್ (ಇವರು ಹುಟ್ಟಿದ್ದು ನಮ್ಮ ಲಖನೌದಲ್ಲಿ, 1940ರಲ್ಲಿ). ಲಂಡನ್ನಿನ ನಾಲ್ವರು ಬಸ್ ಮೆಕ್ಯಾನಿಕ್‌ಗಳು ಒಂದು ಕೆಂಪು ಡಬಲ್ ಡೆಕ್ಕರ್ ಬಸ್ಸನ್ನೇ ಮನೆ ಮಾಡಿಕೊಂಡು ಅಥೆನ್ಸ್‌ವರೆಗೆ ಹೋಗುತ್ತಾರೆ. ಶುರುವಿನಲ್ಲಿ ಮಳೆ ಸುರಿಯುವ ಇಂಗ್ಲೆಂಡಿನ ಕಡಲತೀರ ಕಪ್ಪು-ಬಿಳುಪಿನಲ್ಲಿ ಕಾಣುತ್ತದೆ. ಆಮೇಲೆ ಪರದೆಗೆ ಬಣ್ಣ ಬರುತ್ತದೆ. ಆಗ ವಿದೇಶ ಪ್ರವಾಸ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ಟಿಕೆಟ್ ದುಡ್ಡಿಗೆ ಆ ಬಿಸಿಲು, ಆ ದಾರಿ ಎಲ್ಲಾ ಸಿಕ್ಕಿತು.

ನನಗೆ ಇನ್ನೂ ದೊಡ್ಡದು ಅನ್ನಿಸುವ ಕಾರಣ ಬೇರೆ. ಆಗ ಗಾಯಕರು ಸಿಗುತ್ತಿದ್ದುದು ಜಾಸ್ತಿ ರೇಡಿಯೋ, ರೆಕಾರ್ಡುಗಳಲ್ಲಿ. ಅವರು ನಗುವುದು, ಓಡುವುದು ದೊಡ್ಡ ಪರದೆಯಲ್ಲಿ ಕಂಡರೆ ಹಬ್ಬವೇ ಅಲ್ವಾ? 1964ರ ‘ಎ ಹಾರ್ಡ್ ಡೇಸ್ ನೈಟ್’ನಲ್ಲಿ ನಿರ್ದೇಶಕ ರಿಚರ್ಡ್ ಲೆಸ್ಟರ್ ಬ್ರಿಟನ್ನಿನ ಬ್ಯಾಂಡ್ ಬೀಟಲ್ಸ್‌ನ ನಾಲ್ವರನ್ನೂ ಬೀಟಲ್ಸ್ ಆಗಿಯೇ ತೋರಿಸಿದರು. ಅವರು ಮೈದಾನದಲ್ಲಿ ಸುಮ್ನೆ ಕುಣಿದಾಡುವ ದೃಶ್ಯ ಇವತ್ತಿಗೂ ತಾಜಾ. ಹಾಡಿನ ಓಟಕ್ಕೆ ತಕ್ಕಂತೆ ಶಾಟ್‌ಗಳು ಹಾರುತ್ತವೆ. ಮುಂದಿನ ಮ್ಯೂಸಿಕ್ ವಿಡಿಯೋಗಳು ಹಿಡಿದ ದಾರಿ ಇದೇ.

ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ ಇಂಥ ಸಿನಿಮಾಗಳನ್ನು ಸಾಲುಸಾಲಾಗಿ ಮಾಡಿದರು. ಹಲವು ಸಪ್ಪೆ. ಆದರೂ 1961ರ ‘ಬ್ಲೂ ಹವಾಯಿ’ಯಲ್ಲಿ ‘ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್’ ಹಾಡು ಶುರುವಾದರೆ ಕಥೆಯ ಕೊರತೆ ಯಾರಿಗೂ ನೆನಪಿರುವುದಿಲ್ಲ.