ನಾರ್ವೆಯ ಸಂಯೋಜಕ ಕ್ನುಟ್ ನ್ಯುಸ್ಟೆಟ್ ಅವರ ವೃಂದಗಾನ 'ಇಮ್ಮಾರ್ಟಲ್ ಬಾಖ್' ಮಂಜು ಕವಿದಂತೆ ಕೇಳಿಸುವುದೇಕೆ?

ಎಲ್ಲರೂ ಹಾಡುವುದು ಜರ್ಮನ್ ಸಂಯೋಜಕ ಬಾಖ್‌ನ ಅದೇ ಸ್ವರಗಳನ್ನೇ, ಆದರೆ ಬೇರೆ ಬೇರೆ ವೇಗದಲ್ಲಿ. ಅದಕ್ಕೇ ಹಾಗೆ ಕೇಳಿಸುತ್ತದೆ.

ಮೊದಲು ಬಾಖ್‌ನ ಭಕ್ತಿಗೀತೆಯ ಸಾಲುಗಳನ್ನು ಇದ್ದಂತೆಯೇ ಹಾಡುತ್ತಾರೆ. ಆಮೇಲೆ ಗಾಯಕವೃಂದ ಐದು ಗುಂಪಾಗುತ್ತದೆ. ಪ್ರತಿ ಗುಂಪೂ ಒಂದೊಂದು ಸ್ವರವನ್ನು ಹಿಡಿದಿಡುವ ಸೆಕೆಂಡುಗಳು ಬೇರೆ. ಹಾಗಾಗಿ ಹಿಂದಿನ ಸ್ವರ ಕರಗುವ ಮುನ್ನವೇ ಮುಂದಿನದು ಅದರ ಮೇಲೆ ಬಂದು ಕೂರುತ್ತದೆ. ಬೇಗ ಮುಗಿಸಿದವರು ಸಾಲಿನ ಕೊನೆಯ ಸ್ವರದಲ್ಲೇ ಕಾಯುತ್ತಾರೆ, ಕಡೆಯ ಗುಂಪು ತಲುಪಿದಾಗ ಮಂಜು ಸರಿದು ಸ್ವರಮೇಳ ತಿಳಿಯಾಗುತ್ತದೆ. ಕೆಡುವುದೂ ಈ ಕಾಯುವಿಕೆಯಲ್ಲೇ: ಎಲ್ಲರೂ ಒಟ್ಟಿಗೆ ಉಸಿರೆಳೆದರೆ ನಾದ ತುಂಡಾಗುತ್ತದೆ, ಶ್ರುತಿ ಇಳಿಯುತ್ತದೆ. ಸರದಿಯಲ್ಲಿ ಉಸಿರೆಳೆಯಬೇಕು.

ಇಷ್ಟು ಸರಳ ಉಪಾಯ ಹೊಳೆಯಲು ವೃಂದದ ಎದುರು ನಿಂತ ಅನುಭವ ಬೇಕು. ನ್ಯುಸ್ಟೆಟ್ (1915–2014) ಓಸ್ಲೋದ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. 1950ರಲ್ಲಿ ತಾವೇ ಕಟ್ಟಿದ ನಾರ್ವೇಜಿಯನ್ ಸೋಲೋಯಿಸ್ಟ್ಸ್ ಗಾಯಕವೃಂದವನ್ನು 40 ವರ್ಷ ನಡೆಸಿದರು.