ಭಾರತದಲ್ಲಿ ಚಿಕಿತ್ಸೆ ನಮ್ಮ ಹಕ್ಕೇ, ಹಣವಿದ್ದವರ ಸೌಲಭ್ಯವೇ?

ಹಕ್ಕೇ, ಆದರೆ ಅರ್ಧದಷ್ಟು. ಸಂವಿಧಾನದಲ್ಲಿ ಆರೋಗ್ಯಕ್ಕೆಂದೇ ಪ್ರತ್ಯೇಕ ಮೂಲಭೂತ ಹಕ್ಕಿಲ್ಲ. ಜನರ ಆರೋಗ್ಯ ಸುಧಾರಿಸಬೇಕೆನ್ನುವ 47ನೇ ವಿಧಿ ಸರ್ಕಾರಕ್ಕೆ ದಾರಿ ತೋರುವ ನಿರ್ದೇಶಕ ತತ್ವಗಳಲ್ಲಿದೆ. ಅದನ್ನಷ್ಟೇ ಹಿಡಿದು ನ್ಯಾಯಾಲಯದ ಮೆಟ್ಟಿಲೇರುವಂತಿಲ್ಲ. ಹಕ್ಕು ಬಂದದ್ದು ಜೀವಿಸುವ ಹಕ್ಕನ್ನು ಕಾಯುವ 21ನೇ ವಿಧಿಯ ಮೇಲಿನ ತೀರ್ಪುಗಳಿಂದ.

1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಸಾಗಹಾಕಿದವು. ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ಸೌಕರ್ಯವಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17 ಸಾವಿರ ರೂಪಾಯಿ ತೆತ್ತು ಚಿಕಿತ್ಸೆ ಪಡೆದರು. ಇದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, 25 ಸಾವಿರ ಪರಿಹಾರ ಕೊಡಿಸಿತು. ಬೊಕ್ಕಸದಲ್ಲಿ ಹಣವಿಲ್ಲ ಎಂಬ ನೆಪವೂ ಸಲ್ಲದು ಎಂದಿತು. ತುರ್ತು ಚಿಕಿತ್ಸೆಯ ಹೊಣೆ ಖಾಸಗಿ ವೈದ್ಯರಿಗೂ ಇದೆ ಎಂಬುದು 1989ರಲ್ಲೇ ತೀರ್ಮಾನವಾಗಿತ್ತು.

ತುರ್ತಿಲ್ಲದ ಕಾಯಿಲೆಗೆ ಬಂದಾಗ ಈ ಬಿಗಿ ಸಡಿಲವಾಗುತ್ತದೆ. ಸರ್ಕಾರದ ಆಯುಷ್ಮಾನ್ ಭಾರತ್ ಯೋಜನೆ ಅರ್ಹ ಕುಟುಂಬದ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ ನಿಜ, ಆದರೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಸಕ್ಕರೆ ಕಾಯಿಲೆಯವರು ತಿಂಗಳು ತಿಂಗಳು ಔಷಧಿ ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೆ ಅದು ಒದಗುವುದಿಲ್ಲ. ಬಡವರ ಕೈ ಸುಡುವುದು ಹೆಚ್ಚಾಗಿ ಅಲ್ಲೇ. 2023ರಲ್ಲಿ ರಾಜಸ್ಥಾನ ಆರೋಗ್ಯ ಹಕ್ಕಿಗೇ ಕಾಯ್ದೆ ತಂದಿತು. ಖಾಸಗಿ ವೈದ್ಯರು ಬೀದಿಗಿಳಿದರು, ಸರ್ಕಾರ ಅವರೊಂದಿಗೆ ಒಪ್ಪಂದಕ್ಕೆ ಬರಬೇಕಾಯಿತು.